ನಗು ಬಿಡಿಸಿ ಹೇಳಿದವನು

ಟಿವಿ ಹುಚ್ಚು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮನೆಯಾಕೆ ಬೈದು ಬೈದು ಸುಸ್ತಾಗಿ ಈಗ ತಾನೂ ಪಕ್ಕದಲ್ಲಿ ಕೂತು ನೋಡುತ್ತಾಳೆ. ಸುದ್ದಿ, ಹಾಡು, ಅಡಿಗೆ, ಕಿತ್ತಾಟ, ಏನು ಬಂದರೂ ನನಗೆ ಆದೀತು. ಹಿಂದಿಯ ಹಾಸ್ಯ ಕಾರ್ಯಕ್ರಮ ಬಂದರೆ ಮಾತ್ರ ರಿಮೋಟು ಒತ್ತಿ ಮುಂದೆ ಹೋಗುತ್ತೇನೆ. ಜೀವಮಾನವೆಲ್ಲ ಹಿಂದಿ ಮೇಷ್ಟ್ರಾಗಿದ್ದವನು ಹಿಂದಿಗೆ ಹೀಗೆ ಬೆನ್ನು ತೋರಿಸುವುದು ಆಕೆಗೆ ವಿಚಿತ್ರ. ಕೇಳಿದರೆ ‘ಅದ್ರಾಗ ಏನ್ ಐತಿ, ಬಿಡು’ ಎಂದು ಹಾರಿಸಿಬಿಡುತ್ತೇನೆ. ನಿಜ ಹೇಳಬೇಕೆಂದರೆ ಅದು ನಾಚಿಕೆ. ಕೊಟ್ಟೂರಿನ ಒಂದು ಮನೆಯ ಪಡಸಾಲೆಯಲ್ಲಿ, ಟಿವಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ನಾನು ಮಾಡಿದ ಕೆಲಸದ ನಾಚಿಕೆ. ಅದನ್ನು ಆಕೆಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನನ್ನೂರು ಹಿರೇಹಡಗಲಿ. ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ಓದಿ, ತಾಲ್ಲೂಕು ಕೇಂದ್ರ ಹಡಗಲಿಗೆ ಹೋಗಿ ಒಂದೊಂದೇ ಪರೀಕ್ಷೆ ಬರೆದು, ಕೊಟ್ಟೂರಿನ ಒಂದು ಹೈಸ್ಕೂಲಿಗೆ ಹಿಂದಿ ಮೇಷ್ಟ್ರಾಗಿ ಸೇರಿದ್ದೆ. ನನ್ನ ಹಿಂದಿ ಪೂರ್ತಿ ಪುಸ್ತಕದ್ದು. ಇದು ಹಸು, ಅದು ಮರ, ಭಾರತ ಒಂದು ಕೃಷಿಪ್ರಧಾನ ದೇಶ, ಇಷ್ಟನ್ನು ತಪ್ಪಿಲ್ಲದೆ ಬರೆಯಬಲ್ಲೆ. ಹಿಂದಿಯಲ್ಲಿ ಹುಟ್ಟಿ ಬೆಳೆದ ಮನುಷ್ಯನ ಎದುರು ನಿಂತು ಎರಡು ಮಾತು ಆಡಿದ್ದು ಮಾತ್ರ ಇಲ್ಲವೇ ಇಲ್ಲ. ಈ ಗುಟ್ಟು ನನ್ನ ಹೊಟ್ಟೆಯಲ್ಲೇ ಇತ್ತು. ಬೀದಿಯವರ ಲೆಕ್ಕದಲ್ಲಿ ನಾನು ಹಿಂದಿ ಪಂಡಿತ.

ನನ್ನ ಬಾಡಿಗೆ ಕೋಣೆಯ ಎದುರಿಗೆ ರೇಡಿಯೋ ರಿಪೇರಿ ಮಾಡುವ ಸಾಹೇಬರ ಮನೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ಕೈಯಲ್ಲಿ ಸದಾ ಬೆಸುಗೆಯ ವಾಸನೆ, ಮಾತು ಕಡಿಮೆ. ಹರಪನಹಳ್ಳಿಯ ಯಾವುದೋ ವರ್ತಕರ ಮನೆಯಲ್ಲಿ ಕೆಟ್ಟು ಮೂಲೆ ಸೇರಿದ್ದ ಒಂದು ಕಪ್ಪು ಬಿಳುಪು ಟಿವಿಯನ್ನು ಅವರು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದು, ತಿಂಗಳುಗಟ್ಟಲೆ ಬಿಚ್ಚಿ ಕಟ್ಟಿ ಬದುಕಿಸಿದರು. ಮಾಳಿಗೆಯ ಮೇಲೆ ಎರಡು ಆಳುದ್ದ ಕೊಳವೆ ನಿಲ್ಲಿಸಿ ಆಂಟೆನಾ ಕಟ್ಟಿದರು. ಅಂಗಡಿಗೆ ಬಂದ ಗಿರಾಕಿಗೆ ಅದನ್ನು ಮಾರಬಹುದಿತ್ತಲ್ಲ ಎಂದು ನಾನು ಕೇಳಿದ್ದೆ.

‘ಮಾರಾಕಲ್ರಿ ಮೇಷ್ಟ್ರ,’ ಎಂದರು. ‘ಅಮ್ಮ ಜಾರಿ ಬಿದ್ದು ಸೊಂಟ ಮುರಕೊಂಡು ವರ್ಷ ಆತು. ಹೊಸ್ತಿಲ ದಾಟಂಗಿಲ್ಲ. ಗ್ವಾಡಿ ನೋಡಿ ನೋಡಿ ಮಾತ ಬಿಟ್ಟಾಳ. ಆಕಿ ಒಂದ್ಸಲ ನಗಬೇಕ್ರಿ. ಅಷ್ಟಕ್ಕ ಇದು.’

ಅಮ್ಮ ಎಂದರೆ ಅವರ ತಾಯಿ. ಬೀದಿಯವರಿಗೆಲ್ಲ ಆಕೆ ಅಮ್ಮನೇ. ಬೀಳುವ ಮೊದಲು ಕೌದಿ ಹೊಲಿಯುತ್ತ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದ ಹೆಂಗಸಂತೆ. ನಾನು ನೋಡಿದ್ದು ಮಂಚದ ಮೇಲಿನ ಅಮ್ಮನನ್ನು. ಸಾಹೇಬರು ಆ ಮಂಚವನ್ನೇ ಒಳಕೋಣೆಯಿಂದ ಪಡಸಾಲೆಗೆ ತಂದು, ಟಿವಿಯ ನೇರ ಎದುರಿಗೆ ಹಾಕಿ, ಬೆನ್ನಿಗೆ ಎರಡು ದಿಂಬು ಕೊಟ್ಟರು. ಮುಂದಿನ ಸಾಲು ಅಮ್ಮನದು ಎಂದು ಅಂದೇ ಗಟ್ಟಿಯಾಯಿತು.

ಬೀದಿಗೆ ಒಂದೇ ಟಿವಿ ಎಂದಮೇಲೆ ಕೇಳಬೇಕೆ. ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಹೆಂಗಸರು ಬರುತ್ತಿದ್ದರು. ಗಂಡಸರು ಬಾಗಿಲಿಗೆ ಒರಗಿ, ಮಕ್ಕಳು ನೆಲದ ಮೇಲೆ. ಎಲ್ಲ ಸರಿ, ಆದರೆ ಅದರಲ್ಲಿ ಬರುವ ಒಂದು ಮಾತೂ ನಮ್ಮದಲ್ಲ. ಆಗ ನಮ್ಮ ಕಡೆ ಬರುತ್ತಿದ್ದುದು ಬರೀ ದೆಹಲಿಯ ಕಾರ್ಯಕ್ರಮ. ಜೋಳ, ಶೇಂಗಾ ಬೆಳೆಯುವ ನಮಗೆ ಗೋಧಿಗೆ ಯಾವಾಗ ನೀರು ಬಿಡಬೇಕೆಂದು ಹಿಂದಿಯಲ್ಲಿ ಉಪದೇಶ. ಬೆಟ್ಟದಷ್ಟು ಮಾತಾಡಿಯೂ ಮುಗಿಸದ ಮಂತ್ರಿ. ನಡುವೆ ಚಿತ್ರ ಕಡಿದುಹೋದರೆ ಒಂದು ಹೂವಿನ ಪಟ, ಅದರ ಮೇಲೆ ಅಡಚಣೆಗೆ ವಿಷಾದಿಸುತ್ತೇವೆ ಎಂಬ ಬರಹ. ಏನು ಅಡಚಣೆ, ಯಾಕೆ, ಎಷ್ಟು ಹೊತ್ತು, ಯಾವುದನ್ನೂ ಹೇಳದ ಆ ವಿಷಾದ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕಣ್ಣು ಕೀಳದೆ ನೋಡುತ್ತಿದ್ದೆ. ಹೂವಿನ ಪಟವನ್ನೂ ನೋಡುತ್ತಿದ್ದೆ.

ಎಲ್ಲರೂ ಕಾಯುತ್ತಿದ್ದುದು ಒಂದು ಹಾಸ್ಯದ ಧಾರಾವಾಹಿಗೆ. ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ, ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಒಬ್ಬ ಸುಳ್ಳುಬುರುಕ ಯುವಕ. ವಾರಕ್ಕೊಂದು ಸುಳ್ಳು ಹೇಳಿ ಸಿಕ್ಕಿಬೀಳುವುದು ಅವನ ಕೆಲಸ. ಮೊದಲನೇ ಭಾನುವಾರವೇ ಹಿಟ್ಟಿನ ಗಿರಣಿಯ ಅಕ್ಕ ನನ್ನತ್ತ ತಿರುಗಿದಳು. ಬೀದಿಗೆಲ್ಲ ಕೇಳುವ ಗಂಟಲು ಆಕೆಯದು.

‘ಮೇಷ್ಟ್ರ, ಸುಮ್ನ ಯಾಕ ಕುಂತೀರಿ? ಏನಂತಾನ ಅವ, ನಮಗೂ ಒಂದೀಟು ಬಿಡಿಸಿ ಹೇಳ್ರಿ.’

ಸಾಹೇಬರು ಸ್ಟೂಲು ತಂದು ಟಿವಿಯ ಪಕ್ಕ ಹಾಕಿದರು. ನಾನು ಕೂತೆ. ಅಲ್ಲಿಗೆ ನನ್ನ ಕೇಡು ಶುರುವಾಯಿತು.

ಎರಡು ವಾರ ತಿಳಿದಷ್ಟು ಹೇಳಿದೆ. ತಿಳಿಯುತ್ತಿದ್ದುದು ಹತ್ತರಲ್ಲಿ ಎರಡು ಮಾತು. ನನ್ನ ಪುಸ್ತಕದಲ್ಲಿ ಯಾರೂ ಅಷ್ಟು ವೇಗವಾಗಿ ಮಾತಾಡಿರಲಿಲ್ಲ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಗೊಣಗಿರಲಿಲ್ಲ. ಜನ ಆಕಳಿಸತೊಡಗಿದರು. ಮೂರನೇ ವಾರ ಒಂದು ಉಪಾಯ ಹೊಳೆಯಿತು. ಆ ಧಾರಾವಾಹಿಯಲ್ಲಿ ಪ್ರತಿ ಚೇಷ್ಟೆಯ ಹಿಂದೆ ಪೆಟ್ಟಿಗೆಯೊಳಗಿಂದ ಒಂದು ನಗು ಬರುತ್ತದೆ, ಕಾಣದ ಯಾರೋ ನೂರು ಜನ ನಕ್ಕಂತೆ. ಆ ನಗು ಬಂದ ಕೂಡಲೇ ನಾನೊಂದು ಮಾತು ಕಟ್ಟಿ ಎಸೆದರೆ ಸಾಕು. ಜನ ಪೆಟ್ಟಿಗೆಯ ಜೊತೆ ನಗುತ್ತಾರೆ. ನಮ್ಮ ಸಂತೆಯ ಮಾತು, ಗಿರಣಿಯ ಮಾತು, ಅತ್ತೆ ಸೊಸೆಯ ಮಾತು, ಎಲ್ಲವನ್ನೂ ಆ ದೆಹಲಿಯವರ ಬಾಯಿಗೆ ತುರುಕಿದೆ. ಪಡಸಾಲೆ ಹಾರಿಹೋಗುವಂತೆ ನಕ್ಕರು. ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದ ಯಾರದೋ ನೆಂಟರು ‘ನಮ್ಮೂರಾಗ ಟಿವಿ ಐತ್ರಿ, ಇಂಥಾ ಮೇಷ್ಟ್ರಿಲ್ಲ’ ಎಂದು ಹೇಳಿದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಆ ಇಡೀ ಗುಂಪಿನಲ್ಲಿ ನನ್ನ ಮಾತಿಗೆ ಕಾಯದೆ ನಗುತ್ತಿದ್ದವರು ಒಬ್ಬರೇ, ಅಮ್ಮ.

ಅವರ ಮನೆಯ ಮಾತು ಉರ್ದು. ಟಿವಿಯವರು ಆಡುತ್ತಿದ್ದ ಮಾತು ಅವರಿಗೆ ಅನ್ನ ನೀರಿನಷ್ಟು ಸಲೀಸು. ಇದು ಬೀದಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಸಾಬರ ಮಾತು ಬೇರೆ, ಹಿಂದಿ ಬೇರೆ. ಅದು ಮನೆಯಲ್ಲಿ ಆಡುವುದು, ಇದು ಸರ್ಟಿಫಿಕೇಟು ತೆಗೆದುಕೊಳ್ಳುವುದು. ನಮ್ಮವರ ತಿಳಿವಳಿಕೆ ಇಷ್ಟು. ಓದು ಬರಹ ಇಲ್ಲದ ಮುದುಕಿಯನ್ನು ಹಿಂದಿ ಏನೆಂದು ಯಾರು ಕೇಳುತ್ತಾರೆ? ನನಗೆ ಮಾತ್ರ ತಿಂಗಳೊಳಗೇ ಗೊತ್ತಾಯಿತು. ಪೆಟ್ಟಿಗೆಯ ನಗುವಿಗಿಂತ ಒಂದು ಗಳಿಗೆ ಮುಂಚೆ ಅಮ್ಮ ನಗುತ್ತಿದ್ದರು. ಮೈಯೆಲ್ಲ ಕುಲುಕಿ, ಸೊಂಟ ಹಿಡಿದುಕೊಂಡು, ‘ಹಾಯ್ ಅಲ್ಲಾ’ ಎನ್ನುತ್ತ ನಗುತ್ತಿದ್ದರು. ಬಾಗಿಲ ಬಳಿ ನಿಂತ ಸಾಹೇಬರು ಟಿವಿ ನೋಡದೆ ಅಮ್ಮನ ಮುಖವನ್ನೇ ನೋಡುತ್ತಿದ್ದರು. ಬಿಚ್ಚಿ ಕಟ್ಟಿದ ಅಷ್ಟೂ ತಿಂಗಳ ದುಡಿಮೆ ಅಲ್ಲಿ ಅವರ ಕಣ್ಣ ಮುಂದಿತ್ತು.

ನಾನು ಕಟ್ಟಿದ ಮಾತಿಗೆ ಪಡಸಾಲೆಯೆಲ್ಲ ನಗುವಾಗ ಅಮ್ಮ ಸುಮ್ಮನಿರುತ್ತಿದ್ದರು. ಬೇಕೆಂದು ಅಲ್ಲ. ಅಷ್ಟು ಹೊತ್ತಿಗೆ ಅವರು ಮುಂದಿನ ಮಾತು ಕೇಳುತ್ತಿರುತ್ತಿದ್ದರು. ನನಗೆ ಆ ಸುಮ್ಮನಿರುವಿಕೆ ಚುಚ್ಚುತ್ತಿತ್ತು. ಒಂದು ಭಾನುವಾರ ಗಿರಣಿ ಅಕ್ಕ ಅದನ್ನು ಹಿಡಿದೇಬಿಟ್ಟಳು.

‘ಅಲ್ಲಮ್ಮಾ, ಮೇಷ್ಟ್ರು ಇನ್ನ ಬಾಯೇ ತಗದಿಲ್ಲ, ನೀವ್ಯಾಕ ಮೊದಲ ನಗತೀರಿ? ಅವ್ರು ಹೇಳಿದ ಮ್ಯಾಲ ಸುಮ್ನ ಆಗತೀರಿ.’

ಎಲ್ಲರೂ ಅಮ್ಮನತ್ತ ತಿರುಗಿದರು. ಅಮ್ಮ ನನ್ನನ್ನು ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ, ಪೇಚಿತ್ತು, ನನಗಾಗಿ ಪಟ್ಟ ಪೇಚು. ಅಮ್ಮ ಒಂದು ಮಾತು ನಿಜ ಹೇಳಿದರೆ ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ನನ್ನ ಮುಖ ಎಲ್ಲಿಡಲಿ? ಅವರು ಬಾಯಿ ತೆರೆಯುವ ಮೊದಲೇ ನಾನು ತೆರೆದೆ.

‘ವಯಸ್ಸಾದ ಮ್ಯಾಲ ನಗಾಕ ಕಾರಣ ಬೇಕಾಗಂಗಿಲ್ಲಕ್ಕ. ಅಮ್ಮಂದು ತಲಿಯಾಗಿನ ಆಂಟೆನಾ ಬ್ಯಾರೆ ಕಡಿ ತಿರುಗೈತಿ. ನಮಗ ಕಾಣದ್ದು ಅವ್ರಿಗೆ ಕಾಣತೈತಿ.’

ಅಂಥ ನಗುವನ್ನು ನಾನು ಅದಕ್ಕೆ ಮೊದಲು ಗಳಿಸಿರಲಿಲ್ಲ. ಬಾಗಿಲಿನವರು ಬೀದಿಯಲ್ಲಿದ್ದವರಿಗೆ ಹೇಳಿದರು, ಅವರೂ ನಕ್ಕರು. ಅಮ್ಮನೂ ಮುಗುಳ್ನಕ್ಕರು, ಮನೆಗೆ ಬಂದವರ ಮುಂದೆ ನಗಬೇಕಾದ ಹಾಗೆ. ಸಾಹೇಬರು ಆಗ ಮಾಳಿಗೆಯ ಮೇಲೆ ಗಾಳಿಗೆ ತಿರುಗಿದ್ದ ಆಂಟೆನಾ ಸರಿಮಾಡುತ್ತಿದ್ದರು. ಮೇಲಿನಿಂದ ‘ಬಂತೇನ್ರಿ?’ ಎಂದು ಕೂಗುತ್ತಲೇ ಇದ್ದರು. ಉತ್ತರ ಕೊಡುವಷ್ಟು ಉಸಿರು ಯಾರಿಗೂ ಇರಲಿಲ್ಲ.

ಆ ಮಾತು ಅಮ್ಮನಿಗೆ ಅಂಟಿಕೊಂಡಿತು. ಮುಂದಿನ ವಾರ ಅವರು ನಕ್ಕ ಕೂಡಲೇ ನೆಲದ ಮೇಲಿನ ಮಕ್ಕಳು ‘ಆಂಟೆನಾ, ಆಂಟೆನಾ’ ಎಂದು ಕೂಗಿದವು. ದೊಡ್ಡವರು ಗದರಿದರು, ಗದರುತ್ತ ತಾವೂ ನಕ್ಕರು. ಅದರ ಮುಂದಿನ ವಾರ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ನಗು ಬಂದಾಗ ತಡೆದು, ನಾನು ಹೇಳಿ ಮುಗಿಸಿ ಎಲ್ಲರೂ ನಗುವಾಗ ಜೊತೆಗೆ ನಗಲು ನೋಡಿದರು. ಅದು ಅವರಿಗೆ ಬರಲಿಲ್ಲ. ಹಿಡಿದಿಟ್ಟ ನಗು ಕೆಮ್ಮಾಗಿ ಹೊರಟಿತು, ಮಕ್ಕಳು ಅದಕ್ಕೂ ಕೂಗಿದವು. ಒಂದು ಮಾತು ಹೇಳಿ ಆ ಮಕ್ಕಳನ್ನು ನಿಲ್ಲಿಸಲು ನನ್ನಿಂದ ಆಗುತ್ತಿತ್ತು. ಶಾಲೆಯಲ್ಲಿ ನನ್ನ ಕೆಮ್ಮು ಕೇಳಿದರೆ ಉಚ್ಚೆ ಹೊಯ್ದುಕೊಳ್ಳುತ್ತಿದ್ದ ಮಕ್ಕಳು ಅವು. ನಾನು ನಿಲ್ಲಿಸಲಿಲ್ಲ.

ಒಂದು ಭಾನುವಾರ ಹೋದರೆ ಮಂಚ ಇರಲಿಲ್ಲ. ಮಂಚವಿದ್ದ ಜಾಗದಲ್ಲಿ ಗಿರಣಿ ಅಕ್ಕ ಮನೆಮಂದಿಯನ್ನೆಲ್ಲ ಕೂರಿಸಿಕೊಂಡಿದ್ದಳು.

‘ಒಳಗ ಹಾಕೀನ್ರಿ,’ ಎಂದರು ಸಾಹೇಬರು. ‘ಇಲ್ಲಿ ಗಾಳಿ, ಸೊಂಟ ನೋಯತೈತಿ ಅಂತಾಳ.’ ನನ್ನನ್ನು ಕೈಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು. ‘ಮೇಷ್ಟ್ರ, ಟಿವಿಯಾಗಿಂದು ನಿಮಗ ಹ್ಯಾಂಗ ಬೇಕೋ ಹಂಗ ಹೇಳ್ರಿ. ನಾವು ಯಾರ ಮುಂದೂ ಏನೂ ಅನ್ನಂಗಿಲ್ಲ. ಅಮ್ಮನ ಸುದ್ದಿ ಮಾತ್ರ ಬ್ಯಾಡ್ರಿ.’

ನಾವು ಏನೂ ಅನ್ನಂಗಿಲ್ಲ. ಹಾಗಾದರೆ ಮೊದಲಿನಿಂದ ತಾಯಿ ಮಗ ಇಬ್ಬರಿಗೂ ಗೊತ್ತಿತ್ತು. ತಮ್ಮ ಮನೆಯಲ್ಲಿ, ತಮ್ಮ ಸ್ಟೂಲಿನ ಮೇಲೆ ಕೂತು ನಾನು ಸುಳ್ಳು ಬಿಡುವುದನ್ನು ಕೇಳಿಯೂ, ಮಕ್ಕಳಿಗೆ ಪಾಠ ಹೇಳುವವರ ಮಾನ ಹೋಗಬಾರದೆಂದು ಸುಮ್ಮನಿದ್ದರು. ನಾನು ‘ಛೇ ಛೇ, ತಮಾಷಿಗೆ ಅಂದದ್ದು ಭಾಯಿ’ ಎಂದೆ. ಹೇಳಿ, ಒಳಗೆ ಹೋಗಿ, ಮತ್ತೆ ಅದೇ ಸ್ಟೂಲಿನ ಮೇಲೆ ಕೂತೆ. ಥೂ, ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಒಳಕೋಣೆಗೂ ಪಡಸಾಲೆಗೂ ನಡುವೆ ಒಂದು ಪರದೆ. ಅಮ್ಮ ಅದರ ಹಿಂದೆ ಮಂಚದ ಮೇಲೆ ಮಲಗಿ ದನಿಯನ್ನಷ್ಟೇ ಕೇಳುತ್ತಿದ್ದರು. ಅಲ್ಲಿಂದ ನಗು ಬರುವುದೇನೋ ಎಂದು ನಾನು ಪ್ರತಿ ವಾರ ಒಂದು ಕಿವಿ ಇಡುತ್ತಿದ್ದೆ. ಬರಲಿಲ್ಲ. ಮಳೆಗಾಲ ಕಳೆಯಿತು. ಸಾಹೇಬರು ದನಿ ಇನ್ನಷ್ಟು ಸ್ಪಷ್ಟವಾಗಲಿ ಎಂದು ಹೊಸ ಸ್ಪೀಕರು ತಂದು ಕೂರಿಸಿದರು. ಯಾರಿಗಾಗಿ ಎಂದು ನನಗೆ ತಿಳಿಯುತ್ತಿತ್ತು.

ಆ ಧಾರಾವಾಹಿ ಮುಗಿಯುವ ಕಾಲ ಬಂತು. ಕೊನೆಯ ಕಂತಿನ ದಿನ ಬೀದಿಗೆ ಬೀದಿಯೇ ಬಂದಿತ್ತು. ಮುದುಕಿ ಒಂದು ಕಾಗದದ ಕಟ್ಟು ಹಿಡಿದುಕೊಂಡು ಮಹಡಿ ಹತ್ತಿ ಬಂದಳು. ಬಾಡಿಗೆಯ ಯುವಕ ಎದ್ದು ನಿಂತ. ಆಕೆ ಬಹಳ ಹೊತ್ತು ಮಾತಾಡಿದಳು, ಅವನು ತಲೆ ತಗ್ಗಿಸಿದ. ನನಗೆ ತಿಳಿದದ್ದು ‘ಮಗ’ ಮತ್ತು ‘ಕಾಗದ’ ಎಂಬ ಎರಡೇ ಪದ. ಪೆಟ್ಟಿಗೆ ನಗಲಿಲ್ಲ. ಅದನ್ನಾದರೂ ಗಮನಿಸಬೇಕಿತ್ತು. ಆದರೆ ಜನ ನನ್ನ ಬಾಯಿ ನೋಡುತ್ತಿದ್ದರು, ಕೊನೆಯ ದಿನ ಬೇರೆ.

‘ನನ್ನ ಉಪ್ಪಿನಕಾಯಿ ಭರಣಿ ಖಾಲಿ ಮಾಡಿದವ ನೀನ ಹೌದಲ್ಲೋ, ಕಾಗದದಾಗ ಬರಕೊಂಡೀನಿ ನೋಡು, ಅಂತಾಳ,’ ಎಂದೆ.

ಪಡಸಾಲೆ ನಕ್ಕಿತು. ಟಿವಿಯಲ್ಲಿ ಮುದುಕಿ ಅಳುತ್ತಿದ್ದಳು. ನಮ್ಮ ಜನ ಅವಳ ಅಳುವಿಗೂ ನಕ್ಕರು.

‘ನಗಬ್ಯಾಡ್ರಿ.’

ಅಮ್ಮ. ಪರದೆ ಸರಿಸಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ವರ್ಷಕ್ಕಿಂತ ಹೆಚ್ಚು ಕಾಲ ಇನ್ನೊಬ್ಬರ ಕೈಹಿಡಿಯದೆ ಎದ್ದಿರದ ಹೆಂಗಸು. ಕಣ್ಣು ತುಂಬಿತ್ತು.

‘ಆಕಿ ಮಗ ಸತ್ತು ಭಾಳ ದಿನ ಆಗೈತಿ. ಅವನ ಹೆಸರಲೆ ಈ ಹುಡುಗ ಕಾಗದ ಬರೀತಿದ್ದ, ಮುದುಕಿ ಎದಿ ಒಡಕೋಬಾರದು ಅಂತ. ಆಕಿ ಅಂತಾಳ, ನನಗ ಮೊದಲಿಂದ ಗೊತ್ತಿತ್ತಪ್ಪಾ, ನೀ ಬರಿಯಾದು ನಿಲ್ಲಸಬಾರದು ಅಂತ ನಾ ಹೇಳಲಿಲ್ಲ, ಅಂತ.’

ಒಬ್ಬೊಬ್ಬರಾಗಿ ನನ್ನತ್ತ ತಿರುಗಿದರು. ಗಿರಣಿ ಅಕ್ಕ ಬಾಯಿ ತೆರೆದಳು. ಅವಳು ಕೇಳುವ ಮೊದಲೇ ಅಮ್ಮ ಮುಂದುವರಿಸಿದರು.

‘ಮೇಷ್ಟ್ರಿಗೆ ಕೇಳಿಸಿಲ್ಲ. ನನ್ನ ಮಗಂದು ಸೆಟ್ಟು ಹಳೇದು, ಆವಾಜ್ ಒಡೀತೈತಿ. ನಾ ಒಳಗ ಗ್ವಾಡಿಗೆ ಕಿವಿ ಹಚ್ಚಿ ಕುಂತಿದ್ದೆ, ಅದಕ್ಕ ನಾಕು ಮಾತು ತಿಳೀತು.’

ಎಲ್ಲರೂ ನನ್ನ ಉತ್ತರಕ್ಕೆ ಕಾದರು. ಸಾಹೇಬರೂ ಕಾದರು. ಆ ಸ್ಪೀಕರು ಹಾಕಿ ತಿಂಗಳಾಗಿರಲಿಲ್ಲ, ದನಿ ಗಂಟೆಯಷ್ಟು ಸ್ಪಷ್ಟವಿತ್ತು. ಅವರು ಬದುಕುತ್ತಿದ್ದುದೇ ಅಂಥ ಕೈಕೆಲಸದಿಂದ.

‘ಹೌದ್ರಿ,’ ಎಂದೆ ನಾನು. ‘ಈ ಸೆಟ್ಟಿನ್ಯಾಗ ಒಂದೂ ಸರಿ ಕೇಳಂಗಿಲ್ಲ. ನಾ ಭಾಳ ದಿನದಿಂದ ಹೇಳಬೇಕು ಅಂತಿದ್ದೆ.’

ಸಾಹೇಬರು ಸ್ಕ್ರೂಡ್ರೈವರ್ ತಂದು, ಅಷ್ಟು ಜನರ ಮುಂದೆ, ಏನೂ ಕೆಡದ ಟಿವಿಯ ಹಿಂಬದಿ ಬಿಚ್ಚತೊಡಗಿದರು. ಅಮ್ಮ ಚೌಕಟ್ಟು ಹಿಡಿದು ನಿಂತೇ ಇದ್ದರು. ಹಿಡಿದು ಮಲಗಿಸಲು ಯಾರೋ ಹೆಂಗಸು ಎದ್ದಳು. ನಾನು ಚಪ್ಪಲಿ ಹುಡುಕಿಕೊಂಡು ಹೊರಬಿದ್ದೆ.

ಜೂನಿನಲ್ಲಿ ಹಗರಿಬೊಮ್ಮನಹಳ್ಳಿಗೆ ವರ್ಗ ಮಾಡಿಸಿಕೊಂಡೆ. ಎದುರು ಮನೆಯವರಿಗೆ ‘ಹೋಗಿ ಬರುತ್ತೇನೆ’ ಎಂದು ಹೇಳುವಷ್ಟು ಧೈರ್ಯವೂ ಆಗಲಿಲ್ಲ. ಅಲ್ಲಿ ನನ್ನದೇ ಒಂದು ಟಿವಿ ಕೊಂಡೆ. ಒಬ್ಬನೇ ಕೂತು ನೋಡುವಾಗ ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ‘ಅಮ್ಮಾ, ನನಗ ತಿಳೀತಿರಲಿಲ್ಲ, ತಪ್ಪಾತು.’ ಇಷ್ಟೇ. ಕನ್ನಡದಲ್ಲಿ, ನನ್ನದೇ ಮಾತಿನಲ್ಲಿ. ಹಿಂದಿಯೇನೂ ಬೇಕಿರಲಿಲ್ಲ ಅದಕ್ಕೆ.

ಎರಡು ಮೂರು ವರ್ಷದ ಮೇಲೆ ಒಂದು ಭಾನುವಾರ ಮದುವೆಗೆಂದು ಕೊಟ್ಟೂರಿಗೆ ಹೋದೆ. ಬಸ್ಸಿಳಿದು ಬರುವಾಗ ಸಾಹೇಬರು ಎದುರಾದರು, ತಪ್ಪಿಸಿಕೊಳ್ಳಲು ಆಗಲಿಲ್ಲ.

‘ಏನ್ರಿ ಮೇಷ್ಟ್ರ, ನಮ್ಮನ್ನ ಮರ್ತಬಿಟ್ರಿ. ಅಮ್ಮ ನೆನಸ್ತಾಳ ನಿಮ್ಮನ್ನ, ಬರ್ರಿ ಮನಿಗೆ.’

ಬೀದಿಯ ಮಾಳಿಗೆಗಳ ಮೇಲೆಲ್ಲ ಆಂಟೆನಾ ಎದ್ದಿದ್ದವು. ಹೆಚ್ಚಿನವು ಸಾಹೇಬರೇ ಕಟ್ಟಿದ್ದಂತೆ. ಹಾಗಾಗಿ ಅವರ ಪಡಸಾಲೆ ಖಾಲಿ. ಬಣ್ಣದ ಟಿವಿ ಬಂದಿತ್ತು. ಅದರ ನೇರ ಎದುರಿಗೆ ಮಂಚ, ಬೆನ್ನಿಗೆ ಎರಡು ದಿಂಬು, ಅಮ್ಮ. ಇನ್ನಷ್ಟು ಸಣ್ಣಗಾಗಿದ್ದರು.

‘ಬರ್ರಿ ಮೇಷ್ಟ್ರ, ಕುಂದರ್ರಿ,’ ಎಂದರು. ಸಾಹೇಬರು ಅದೇ ಸ್ಟೂಲು ತಂದು ಟಿವಿಯ ಪಕ್ಕ ಹಾಕಿ, ಚಹಾ ಹೇಳಲು ಒಳಗೆ ಹೋದರು.

ಯಾವುದೋ ಹೊಸ ಹಾಸ್ಯ ಧಾರಾವಾಹಿ ನಡೆಯುತ್ತಿತ್ತು. ಒಬ್ಬ ಗಡ್ಡದವನು ಫೋನು ಹಿಡಿದು ಏನೋ ಅಂದ. ಅಮ್ಮನ ಮೈ ಒಮ್ಮೆ ಕುಲುಕಿತು. ಥಟ್ಟನೆ ಸೆರಗು ಬಾಯಿಗೆ ಹೋಯಿತು. ನನ್ನತ್ತ ನೋಡಿದರು. ಪೆಟ್ಟಿಗೆಯ ನಗು ಬಂದು ಹೋಯಿತು, ಅವರು ತಮ್ಮದನ್ನು ಹಿಡಿದೇ ಇದ್ದರು.

‘ಏನಂದ ಅವ, ಮೇಷ್ಟ್ರ?’ ಎಂದು ಕೇಳಿದರು.

ಅದರಲ್ಲಿ ವ್ಯಂಗ್ಯ ಇತ್ತೇ ಎಂದು ಹುಡುಕಿದೆ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮನೆಗೆ ಬಂದ ಮೇಷ್ಟ್ರಿಗೆ ಕೊಡಬೇಕಾದ ಮರ್ಯಾದೆಯನ್ನು ಅಮ್ಮ ಕೊಡುತ್ತಿದ್ದರು, ಅಷ್ಟೇ. ಪಡಸಾಲೆಯಲ್ಲಿ ನಾವಿಬ್ಬರೇ. ಗಟ್ಟಿ ಮಾಡಿಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಲು ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗುವುದಿಲ್ಲ ಎಂದೂ ಗೊತ್ತಿತ್ತು.

‘ಅವನ ಹೆಂಡ್ತಿ ಚಾದಾಗ ಉಪ್ಪು ಹಾಕ್ಯಾಳಂತಮ್ಮ,’ ಎಂದೆ.

ಟಿವಿಯಲ್ಲಿ ಚಹಾವೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಅಮ್ಮ ನನ್ನ ಮಾತು ಪೂರ್ತಿ ಮುಗಿಯುವವರೆಗೆ ಕಾದು, ಸೆರಗು ತೆಗೆದು, ಆಮೇಲೆ ನಕ್ಕರು.